ಮೂರು ಸಲ ಕೇಳಲಿ

ಸಾಗರ
೧೯-೧-೧೯೬೪

ಅಪ್ಪಯ್ಯನವರಿಗೆ ತುಂಗಾಳ ನಮಸ್ಕಾರಗಳು.

ನಾನು ಆರೋಗ್ಯವಾಗಿದ್ದೇನೆ. ನೀವೂ ಅಮ್ಮನೂ ಹಾಗೇ ಇದ್ದೀರಿ, ಅಕ್ಕಿ ಮಿಲ್ಲೂ ನಡೆಯುತ್ತಿದೆ ಎಂದು ತೀರ್ಥಹಳ್ಳಿಯಿಂದ ಮೊನ್ನೆ ಬಂದ ಬೆಳ್ಳಪ್ಪ ಹೇಳಿದ. ಅಲ್ಲಿಗೆ ಕ್ಷೇಮಸಮಾಚಾರ ಮುಗಿಯಿತು. ವಿಷಯಕ್ಕೆ ಬರುತ್ತೇನೆ.

ಹೋದ ವರ್ಷ ಹೊರದೇಶದ ಎರಡು ಫೆಲೋಶಿಪ್ಪುಗಳಿಗೆ ಅರ್ಜಿ ಹಾಕಿದ್ದೆ. ನಿಮಗೆ ಹೇಳಿರಲಿಲ್ಲ. ಹೇಳಿ, ಆಮೇಲೆ ಸಿಗದೆ ಹೋಗಿದ್ದರೆ ನೀವು ಮೂಗಿನಲ್ಲೇ ನಗುವ ಆ ನಗುವನ್ನು ನಾನು ಕೇಳಬೇಕಾಗುತ್ತಿತ್ತು. ಈಗ ಎರಡೂ ಸಿಕ್ಕಿವೆ. ಒಂದನ್ನು ಆರಿಸಿಕೊಳ್ಳಬೇಕು.

ಅಮೆರಿಕದ ಒಂದು ಪ್ರತಿಷ್ಠಾನದವರು ಎರಡು ವರ್ಷಕ್ಕೆ ಕರೆದಿದ್ದಾರೆ. ದುಡ್ಡು ಧಾರಾಳ, ವಿಮಾನದ ಖರ್ಚೂ ಅವರದೇ. ಆದರೆ ಅಲ್ಲಿ ಅವರ ಮುಸುಕಿನ ಜೋಳಕ್ಕೆ ಬರುವ ರೋಗದ ಮೇಲೆ ಕೆಲಸ ಮಾಡಬೇಕು. ಏನು ನೋಡಬೇಕು, ಎಷ್ಟು ನೋಡಬೇಕು ಎಲ್ಲವನ್ನೂ ಅವರೇ ಬರೆದು ಕಳಿಸಿದ್ದಾರೆ. ಡಾಕ್ಟರೇಟ್ ಇಲ್ಲ. ಒಟ್ಟಿನಲ್ಲಿ ಕೋಟು ಹಾಕಿಕೊಂಡ ಕೂಲಿ.

ಇನ್ನೊಂದು ಇಂಗ್ಲೆಂಡಿನದು. ಮೂರು ವರ್ಷ, ದುಡ್ಡು ಕಮ್ಮಿ, ಹಡಗಿನಲ್ಲಿ ಹೋಗಬೇಕು. ಅಲ್ಲಿ ಐವತ್ತು ದಾಟಿದ ಮಿಸ್ ಪ್ಲಮ್ಲಿ ಎಂಬ ಪ್ರೊಫೆಸರ್ ಇದ್ದಾರೆ. ಹಳ್ಳದ ನೀರಿನಲ್ಲಿ ಕೊಳೆಯುವ ಎಲೆಗಳ ಮೇಲೆ ಬೆಳೆಯುವ ಶಿಲೀಂಧ್ರಗಳು ಅವರ ವಿಷಯ, ನನ್ನದೂ ಅದೇ. ಆ ಶಿಲೀಂಧ್ರಗಳ ಬೀಜಕಣಗಳು ಹಳ್ಳದ ನೊರೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಒಂದು ಹನಿ ನೊರೆಯನ್ನು ಮೈಕ್ರಾಸ್ಕೋಪಿನ ಕೆಳಗಿಟ್ಟರೆ ನಾಲ್ಕು ತೋಳಿನ ನಕ್ಷತ್ರಗಳ ಹಾಗೆ ಕಾಣುತ್ತವೆ. ನಮ್ಮ ಹಳ್ಳಗಳಲ್ಲಿ ಇದನ್ನು ಇನ್ನೂ ಯಾರೂ ಸರಿಯಾಗಿ ನೋಡಿಲ್ಲ. ಎರಡು ವರ್ಷದಿಂದ ನಾನು ಹೊಸನಗರ, ಸಾಗರದ ಹಳ್ಳಗಳಿಂದ ನೊರೆ ತಂದು ಸ್ಲೈಡು ಮಾಡಿಟ್ಟಿದ್ದೇನೆ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರುತ್ತಿದೆ, ಅವುಗಳಲ್ಲಿ ಅರ್ಧ ಹಳ್ಳಗಳು ಈ ವರ್ಷವೇ ಮುಳುಗುತ್ತವೆ. ಇನ್ನು ಅವು ನನ್ನ ಪೆಟ್ಟಿಗೆಯಲ್ಲಿ ಮಾತ್ರ ಇರುವುದು. ಸ್ಲೈಡುಗಳೂ ಬಹಳ ಕಾಲ ಬಾಳುವುದಿಲ್ಲ. ಅವನ್ನು ಗುರುತಿಸಿ ಹೆಸರಿಡಲು ನೆರವಾಗಬಲ್ಲವರು ಮಿಸ್ ಪ್ಲಮ್ಲಿ.

ನಮ್ಮ ಕಾಲೇಜಿನ ಪ್ರಿನ್ಸಿಪಾಲರು, "ಅಮೆರಿಕ ಬಿಟ್ಟು ಇಂಗ್ಲೆಂಡಿಗೆ ಹೋಗ್ತಾಳಂತೆ! ತಲೆ ನೆಟ್ಟಗಿದ್ಯಾ ಹುಡುಗಿ?" ಎಂದು ಸ್ಟಾಫ್ ರೂಮಿನಲ್ಲೇ ಕೇಳಿದರು. ಅವರು ಹತ್ತು ವರ್ಷದಿಂದ ಒಂದೇ ನೋಟ್ಸನ್ನು ಓದಿ ಹೇಳುತ್ತಿದ್ದಾರೆ. ಅವರ ತಲೆ ನೆಟ್ಟಗಿದೆ.

ನಾನು ಇಂಗ್ಲೆಂಡನ್ನು ಆರಿಸಿದ್ದೇನೆ. ಸಾಗರದಲ್ಲಿ ನನ್ನ ರೂಮು ಯಾವಾಗ ಬಿಡಿಸುತ್ತಾರೋ ಗೊತ್ತಿಲ್ಲದ್ದರಿಂದ ಅವರಿಗೆ ಮನೆಯ ವಿಳಾಸ ಕೊಟ್ಟಿದ್ದೇನೆ. ಕಾಗದ ಬಂದರೆ ತಿಳಿಸಿ. ಅಮ್ಮನಿಗೆ ಓದಿ ಹೇಳಿ.

ನಿಮ್ಮ ಮಗಳು
ತುಂಗಾ


ತೀರ್ಥಹಳ್ಳಿ
೨೭-೧-೧೯೬೪

ಚಿ. ತುಂಗಾಗೆ ಆಶೀರ್ವಾದ.

ಕಾಗದ ತಲುಪಿತು. ನಿನ್ನ ಅಮ್ಮನಿಗೆ ಓದಿ ಹೇಳಿದೆ. "ನೊರೆ ನೋಡಾಕೆ ಅಷ್ಟ್ ದೂರ ಹೋಗ್ಬೇಕಾ? ನಮ್ ಬಚ್ಚಲಲ್ಲೇ ಬೇಕಾದಷ್ಟು ಇದ್ಯಲ್ಲ" ಎಂದಳು. ನಾನು ನಗಲಿಲ್ಲ. ಅಂದರೆ ಅವಳ ಎದುರಿಗೆ ನಗಲಿಲ್ಲ.

ಇಬ್ಬರು ಕರೆದಿದ್ದಾರೆ ಎಂದು ಬರೆದಿದ್ದೀಯ. ಕರೆಯಲಿ. ನಮ್ಮ ಮನೆಯ ಹೆಣ್ಣುಮಕ್ಕಳನ್ನು ಕೇಳಿಕೊಂಡು ಇಬ್ಬರಲ್ಲ, ಹನ್ನೆರಡು ಮನೆಯವರು ಬಂದದ್ದನ್ನು ನಾನು ನೋಡಿದ್ದೇನೆ. ಅದಕ್ಕೆ ಇಷ್ಟು ಕುಣಿದಾಡಬೇಕಾಗಿಲ್ಲ. ಸಾಗರದ ನೀರು ಕುಡಿದು ನಿನಗೆ ಆತುರ ಹತ್ತಿಕೊಂಡಿದೆ. ಆ ಊರಿನಲ್ಲಿ ಈಗ ಅಣೆಕಟ್ಟಿನ ಕಂಟ್ರಾಕ್ಟರುಗಳೇ ತುಂಬಿಕೊಂಡಿದ್ದಾರಂತೆ, ಎಲ್ಲರೂ ಕಂಕುಳಲ್ಲಿ ಕಾಗದ ಇಟ್ಟುಕೊಂಡು ಓಡುವವರು.

ಅಮೆರಿಕದವರ ಬಗ್ಗೆ ನೀನು ಹೇಳಿದ್ದು ಸರಿ. ಜೋಳ ಬೆಳೆದು ದನಕ್ಕೆ ಹಾಕಿ, ಉಳಿದದ್ದನ್ನು ಹಡಗಿಗೆ ತುಂಬಿ ನಮಗೆ ಭಿಕ್ಷೆ ಎಂದು ಕಳಿಸುವ ಜನ. ಅವರ ಜೋಳಕ್ಕೆ ರೋಗ ಬಂದರೆ ಬರಲಿ. ವಾಸಪ್ಪಗೌಡನ ಮಗಳು ಹೋಗಿ ಔಷಧ ಹೊಡೆಯಬೇಕಾಗಿಲ್ಲ.

ಇನ್ನು ನಿನ್ನ ಮಿಸ್ಸು. ಐವತ್ತು ದಾಟಿದ ಹೆಂಗಸು ಹಳ್ಳದ ದಂಡೆಯಲ್ಲಿ ನೊರೆ ನೋಡುತ್ತ ಕೂತಿದ್ದಾಳೆ ಎಂದರೆ ಅವಳಿಗೆ ಹೇಳುವವರು ಕೇಳುವವರು ಯಾರೂ ಇಲ್ಲವೆಂದು ಕಾಣುತ್ತದೆ. ಅವಳ ತಂದೆ ಯಾರು? ಏನು ಮಾಡಿಕೊಂಡಿದ್ದರು? ಅವಳ ಕೈಕೆಳಗೆ ಹಿಂದೆ ಕಲಿತ ಹುಡುಗಿಯರು ಈಗ ಎಲ್ಲಿದ್ದಾರೆ? ಇದನ್ನೆಲ್ಲ ವಿಚಾರಿಸಿದ್ದೀಯಾ? ಒಂದು ಎಮ್ಮೆ ಕೊಳ್ಳುವುದಕ್ಕೂ ಇದಕ್ಕಿಂತ ಹೆಚ್ಚು ವಿಚಾರಣೆ ಮಾಡುತ್ತೇವೆ.

ನೀನು ಅವಸರಪಟ್ಟು ಯಾರಿಗೂ ಹೂಂ ಎಂದು ಬರೆಯಬೇಡ. ಬರೆಯಬೇಕಾದವರು ಬರೆಯುತ್ತಾರೆ.

ಇಂತು ನಿನ್ನ ಏಳಿಗೆ ಬಯಸುವ
ವಾಸಪ್ಪ


ಸಾಗರ
೧೦-೨-೧೯೬೪

ಅಪ್ಪಯ್ಯನವರಿಗೆ ನಮಸ್ಕಾರಗಳು.

ಮಿಸ್ ಪ್ಲಮ್ಲಿಯ ತಂದೆ ಇಗರ್ಜಿಯ ಪಾದ್ರಿಯಾಗಿದ್ದರಂತೆ. ಅವರ ಕೈಕೆಳಗೆ ಕಲಿತ ಒಬ್ಬಳು ಕೆನಡದಲ್ಲಿ ಪ್ರೊಫೆಸರು. ಎಮ್ಮೆಯ ಬಗ್ಗೆ ಇಷ್ಟು ಸಾಕೇ?

ನಾನು ಎರಡು ವರ್ಷ ಚಳಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಮನೆಯವರು ಹೇಳಿದ್ದನ್ನೂ ಊರಿನವರು ಹೇಳಿದ್ದನ್ನೂ ಕೇಳಿಕೊಂಡು ಈ ಕೆಲಸ ಮಾಡಿದ್ದೇನೆ. "ಗೌಡ್ರ ಮಗ್ಳು ಹಳ್ಳದಲ್ಲಿ ಎಂತ ಕಳ್ಕಂಡ್ಲು?" ಎಂದು ದಾರಿಯಲ್ಲಿ ಹೋಗುವವರೆಲ್ಲ ಕೇಳುತ್ತಿದ್ದರು. ನೀವೂ ಅವರೂ ಒಂದೇ ಮಾತು ಆಡುವುದು ನೋಡಿ ನನಗೆ ಬೇಜಾರಾಯಿತು. ನಿಮ್ಮದು ಅವರಿಗಿಂತ ಬೇರೆ ತೂಕದ ಮಾತು ಎಂದು ತಿಳಿದಿದ್ದೆ.

ಇರಲಿ. ಇದರ ಜೊತೆ ಒಂದು ದಪ್ಪ ಲಕೋಟೆ ಇದೆ. ಅದರೊಳಗೆ ಇಂಗ್ಲೆಂಡಿಗೆ ನನ್ನ ಒಪ್ಪಿಗೆ ಪತ್ರ ಇದೆ, ನಾನು ರುಜು ಹಾಕಿದ್ದೇನೆ. ಪಾಸ್‌ಪೋರ್ಟಿಗೆ ಜಮೀನುಳ್ಳವರ ಜಾಮೀನು ಬೇಕು, ಅದರ ನಕಲು ಒಪ್ಪಿಗೆಯ ಜೊತೆಯಲ್ಲೇ ಹೋಗಬೇಕು. ನಾನು ಗುರುತು ಹಾಕಿದ ಎರಡು ಕಡೆ ನೀವು ರುಜು ಮಾಡಿ, ಲಕೋಟೆ ಅಂಟಿಸಿ, ತೀರ್ಥಹಳ್ಳಿ ಅಂಚೆಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿ. ವಿಳಾಸ ನಾನೇ ಬರೆದಿದ್ದೇನೆ. ಮಾರ್ಚ್ ಮುಗಿಯುವುದರೊಳಗೆ ಅವರ ಕೈ ಸೇರಬೇಕು.

ನಿಮ್ಮಿಂದ ನನಗೆ ಆಗಬೇಕಾದ ಕೆಲಸ ಇದೊಂದೇ. ಅಭಿಪ್ರಾಯ ಬೇಕಾಗಿಲ್ಲ.

ತುಂಗಾ


ತೀರ್ಥಹಳ್ಳಿ
೨೮-೨-೧೯೬೪

ಮುಕುಂದನಿಗೆ ವಾಸಪ್ಪನ ಆಶೀರ್ವಾದ.

ನಿನ್ನ ಅಕ್ಕನ ಮಂಡಿನೋವು ಹಾಗೇ ಇದೆ. ನೀನು ಹೊಸನಗರದಿಂದ ಕಳಿಸಿದ ಎಣ್ಣೆ ಹಚ್ಚಿದ ಮೇಲೆ ನೋವಿನ ಜೊತೆಗೆ ವಾಸನೆಯೂ ಸೇರಿದೆ. ಶಾಲೆಯಲ್ಲಿ ಪಾಠ ಹೇಳುವವರು ವೈದ್ಯ ಮಾಡಲು ಹೊರಟರೆ ಹೀಗೇ.

ನಿನ್ನ ಸೋದರಸೊಸೆ ತುಂಗಾ ತನ್ನ ವಿಷಯ ನಿನಗೂ ಬರೆದಿದ್ದಾಳಂತೆ. ಲಕೋಟೆ ನನ್ನ ಕೈಗೆ ಬಂದು ಹದಿನೈದು ದಿನವಾಯಿತು. ರುಜು ಹಾಕಿದ್ದೇನೆ. ಮಿಲ್ಲಿನ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಕಳಿಸಿಲ್ಲ. ಈಗಲೇ ಕಳಿಸುವುದೂ ಇಲ್ಲ.

ಬೆಚ್ಚಬೇಡ. ನಿನಗೆ ನಮ್ಮ ಮನೆಯ ಪದ್ಧತಿ ಗೊತ್ತು. ಹೆಣ್ಣು ಕೇಳಲು ಬಂದವರಿಗೆ ಮೊದಲ ಸಲ ಬೆಲ್ಲ ನೀರು, ಎರಡನೇ ಸಲ ಕಾಫಿ, ಮೂರನೇ ಸಲ ಊಟ ಮತ್ತು ಉತ್ತರ. ಮೊದಲ ಸಲಕ್ಕೇ ಹೂಂ ಎನ್ನುವ ಮನೆಯ ಹೆಣ್ಣಿಗೆ ಅವರ ಮನೆಯಲ್ಲಿ ಏನು ಬೆಲೆ? ನಾಳೆ ಒಂದು ಮಾತು ಬಂದರೆ, "ನಾವು ಬಾ ಅಂದ್ವಿ, ನೀನು ಬಂದೆ" ಎನ್ನುತ್ತಾರೆ. ಬೇಡವಾದವರಿಗೆ ನಾವು ಬೇಡ ಎಂದೂ ಹೇಳುವುದಿಲ್ಲ, ಸುಮ್ಮನಿರುತ್ತೇವೆ. ಮರ್ಯಾದಸ್ಥರಿಗೆ ಅರ್ಥವಾಗುತ್ತದೆ. ಅಮೆರಿಕದವರಿಗೆ ಹಾಗೇ ಮಾಡಲು ಅವಳಿಗೆ ಹೇಳುವವನಿದ್ದೇನೆ.

ಇಂಗ್ಲಿಷರ ವಿಷಯ ಬೇರೆ. ಇನ್ನೂರು ವರ್ಷ ಈ ದೇಶದಿಂದ ಏನು ಬೇಕೋ ಅದನ್ನು ಕೇಳದೆ ಎತ್ತಿಕೊಂಡು ಹೋದವರು ಈಗ ಮೊದಲನೇ ಬಾರಿಗೆ ನನ್ನ ಮನೆಯಿಂದ ಒಂದನ್ನು ಕೇಳಿದ್ದಾರೆ. ಒಂದು ಸಲ ಕೇಳಿದರೆ ಸಾಲದು. ಮೂರು ಸಲ ಕೇಳಲಿ. ಕೊಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಕೊಡುತ್ತೇನೆ. ಆದರೆ ಅವಳು ಆ ಊರಿನಲ್ಲಿ ಇಳಿಯುವಾಗ, ಇವಳು ತಾವು ಕೇಳಿ ಕೇಳಿ ಕರೆಸಿಕೊಂಡವಳು ಎಂದು ಅವರಿಗೆ ತಿಳಿದಿರಬೇಕು. ಇದು ಹುಡುಗಿಗೆ ಅರ್ಥವಾಗುವುದಿಲ್ಲ. ಅವಳಿಗೆ ತಿಳಿಸಬೇಡ.

ವಾಸಪ್ಪ


ಹೊಸನಗರ
೮-೩-೧೯೬೪

ಭಾವನವರಿಗೆ ಮುಕುಂದಯ್ಯನ ನಮಸ್ಕಾರಗಳು.

ತಮ್ಮ ಪತ್ರ ಓದಿ ನಿದ್ದೆ ಬರಲಿಲ್ಲ. ಇಲ್ಲಿ ಮುಳುಗಡೆಯ ಜನ ದಿನಾ ಶಾಲೆಯ ಜಗಲಿಗೆ ಬಂದು ಅರ್ಜಿ ಬರೆಸಿಕೊಂಡು ಹೋಗುತ್ತಿದ್ದಾರೆ. ಕೊನೆಯ ತಾರೀಕು ದಾಟಿದ್ದಕ್ಕೆ ಗದ್ದೆಯ ಬದಲು ಗದ್ದೆ ಸಿಗದೆ ಹೋದವರನ್ನು ಕಣ್ಣಾರೆ ನೋಡುತ್ತಿದ್ದೇನೆ. ಆಫೀಸಿನವರಿಗೆ ನಮ್ಮ ಮರ್ಯಾದೆಯ ಲೆಕ್ಕ ಗೊತ್ತಾಗುವುದಿಲ್ಲ ಭಾವ. ಅವರಿಗೆ ಗೊತ್ತಿರುವುದು ತಾರೀಕು ಮಾತ್ರ.

ಇದು ಮದುವೆಯ ಮಾತುಕತೆಯಲ್ಲ. ಅವರಿಗೆ ತುಂಗಾ ಬೇಕು, ನಿಜ. ಆದರೆ ಅವಳು ಬಾರದಿದ್ದರೆ ಸಾಲಿನಲ್ಲಿ ಅವಳ ಹಿಂದೆ ಇನ್ನೊಬ್ಬರು ನಿಂತಿರುತ್ತಾರೆ. ದಯವಿಟ್ಟು ಲಕೋಟೆ ಕಳಿಸಿಬಿಡಿ. ತಾವು ಹೇಳಿದಂತೆ ಹುಡುಗಿಗೆ ತಿಳಿಸಿಲ್ಲ. ಹಾಗೆ ತಿಳಿಸದಿರುವುದು ನನಗೆ ಸರಿಕಾಣುತ್ತಿಲ್ಲ.

ಅಕ್ಕನಿಗೆ ಆ ಎಣ್ಣೆಯನ್ನು ಬಿಸಿ ಮಾಡಿ ಹಚ್ಚಬೇಕೆಂದು ಹೇಳಿ.

ಮುಕುಂದಯ್ಯ


ತೀರ್ಥಹಳ್ಳಿ
೧೧-೪-೧೯೬೪

ಮುಕುಂದನಿಗೆ ಆಶೀರ್ವಾದ.

ನೀನು ನಿದ್ದೆ ಕೆಡಿಸಿಕೊಂಡದ್ದು ದಂಡವಾಯಿತು. ನಿನ್ನೆ ಇಂಗ್ಲೆಂಡಿನಿಂದ ಎರಡನೇ ಕಾಗದ ಬಂತು! "ತಮ್ಮಿಂದ ಉತ್ತರ ಬಂದಿಲ್ಲ, ಮಿಸ್ ಪ್ಲಮ್ಲಿಯವರು ಬಹಳ ಕಾತರದಿಂದ ಇದ್ದಾರೆ" ಎಂದು ಬರೆದಿದ್ದಾರೆ. ಕಾತರ! ಪಾದ್ರಿಯ ಮಗಳು ಕಾತರದಿಂದ ಕೂತಿದ್ದಾಳೆ. ಮಿಲ್ಲಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಮಂಜುನಾಥಪ್ಪನವರು ಅಕ್ಕಿ ತೂಕ ಹಾಕಿಸಲು ಬಂದಿದ್ದರು. ಅವರ ಮಗ ಶಿವಮೊಗ್ಗದಲ್ಲಿ ಗುಮಾಸ್ತೆ ಕೆಲಸಕ್ಕೆ ಆರು ಸಲ ಅರ್ಜಿ ಹಾಕಿ ಒಂದಕ್ಕೂ ಉತ್ತರ ಬಂದಿಲ್ಲ. ಅವರ ಮುಖ ನೋಡಬೇಕಾಗಿತ್ತು.

ಕೊನೆಗೆ ಒಂದು ಬೆದರಿಕೆಯನ್ನೂ ಸೇರಿಸಿದ್ದಾರೆ. ಈ ತಿಂಗಳ ಕೊನೆಯೊಳಗೆ ಉತ್ತರ ಬಾರದಿದ್ದರೆ ಬೇರೆಯವರಿಗೆ ಕೊಡಬೇಕಾಗುವುದು ವಿಷಾದಕರ ಎಂದು. ನನಗೆ ಇಂಗ್ಲಿಷ್ ಅರ್ಥವಾಗುತ್ತದೆ, ಮೈಸೂರಿನಲ್ಲಿ ಎರಡು ವರ್ಷ ಇಂಟರ್‌ಮೀಡಿಯೆಟ್ ಓದಿದ್ದೇನೆ. ಆದರೆ ಈ ಮಾತು ಯಾವ ಭಾಷೆಯಲ್ಲಿದ್ದರೂ ನನಗೆ ಹಳೆಯದು. ಹೆಣ್ಣು ಕೇಳುವವರೆಲ್ಲ ಎರಡನೇ ಸಲ ಬಂದಾಗ ಇದನ್ನೇ ಹೇಳುತ್ತಾರೆ. "ಈ ಮಾಘದಲ್ಲಿ ಆಗ್ದಿದ್ರೆ ನಾವು ಬೇರೆ ಕಡೆ ನೋಡ್ತೀವಿ ಗೌಡ್ರೇ" ಎಂದು ನಿನ್ನ ತಂದೆಗೆ ನನ್ನ ತಂದೆಯೇ ಹೇಳಿದ್ದರು. ಬೇರೆ ಕಡೆ ನೋಡಿದರಾ? ಜ್ಯೇಷ್ಠದಲ್ಲಿ ಮೂರನೇ ಸಲ ಬಂದು ನಿನ್ನ ಅಕ್ಕ ವರದಮ್ಮನನ್ನೇ ಕೇಳಿದರು.

ಲಕೋಟೆ ಸಿದ್ಧವಾಗಿದೆ. ಮೂರನೇ ಕಾಗದ ಬಂದ ದಿನವೇ, ಬಂದ ಗಂಟೆಯೊಳಗೇ ಅಂಚೆಗೆ ಹಾಕುತ್ತೇನೆ.

ವಾಸಪ್ಪ


ಸಾಗರ
೨೨-೪-೧೯೬೪

ಅಪ್ಪಯ್ಯನವರಿಗೆ ನಮಸ್ಕಾರಗಳು.

ಇಂಗ್ಲೆಂಡಿನಿಂದ ಏನಾದರೂ ಬಂದಿದೆಯೇ? ಲಕೋಟೆ ಯಾವತ್ತು ರಿಜಿಸ್ಟರ್ ಮಾಡಿಸಿದಿರಿ? ರಸೀದಿಯನ್ನು ಇದೇ ಅಂಚೆಗೆ ಕಳಿಸಿ. ಅಮೆರಿಕದವರಿಗೆ ಮೇ ಮಧ್ಯದೊಳಗೆ ಬೇಕು ಅಥವಾ ಬೇಡ ಎಂದು ತಿಳಿಸಬೇಕು. ಇಂಗ್ಲೆಂಡಿನ ಕಡೆ ಎಲ್ಲ ಸರಿಯಾಗಿದೆ ಎಂದು ಗೊತ್ತಾದ ದಿನ ಬೇಡ ಎಂದು ಬರೆದುಬಿಡುತ್ತೇನೆ.

ಹೋದ ವಾರ ಹಳ್ಳಗಳ ಕಡೆ ಹೋಗಿದ್ದೆ. ಬೇಸಿಗೆಯಾದ್ದರಿಂದ ನೊರೆ ಇಲ್ಲ. ಮುಳುಗಬೇಕಾದ ಕಾಡನ್ನು ಕಡಿದು ಹಾಕಿದ್ದಾರೆ. ಒಂದು ಹಳ್ಳದ ಮೇಲೆ ಲಾರಿ ಹೋಗಲು ಮಣ್ಣು ತುಂಬಿದ್ದಾರೆ. ಅಲ್ಲಿ ನಾನು ಮೂರು ಬಗೆಯ ಬೀಜಕಣ ಹಿಡಿದಿದ್ದೆ, ಅವುಗಳಲ್ಲಿ ಒಂದು ಯಾವ ಪುಸ್ತಕದಲ್ಲೂ ಇಲ್ಲ. ನನ್ನ ಕೈಯಲ್ಲಿರುವುದು ಹೊಸದು ಎಂದು ನನಗೆ ಧೈರ್ಯವಾಗಿ ಅನ್ನಿಸುತ್ತಿದೆ. ಇದನ್ನು ಬರೆಯುವಾಗ ನನಗೆ ಸಂತೋಷವಾಗುತ್ತಿದೆ ಅಪ್ಪಯ್ಯ. ನಿಮಗೆ ಹೇಳಬೇಕೆನ್ನಿಸಿತು, ಹೇಳಿದೆ.

ತುಂಗಾ


ತೀರ್ಥಹಳ್ಳಿ
೨೮-೪-೧೯೬೪

ಚಿ. ತುಂಗಾಗೆ ಆಶೀರ್ವಾದ.

ರಸೀದಿ ಹುಡುಕುವಷ್ಟು ಪುರುಸೊತ್ತು ನನಗಿಲ್ಲ, ಮಿಲ್ಲಿನ ಬೆಲ್ಟು ಹರಿದಿದೆ. ಲಕೋಟೆ ಎಲ್ಲಿರಬೇಕೋ ಅಲ್ಲಿದೆ. ಅವರು ನಿನ್ನ ಬಗ್ಗೆ ಕಾತರದಿಂದ ಇದ್ದಾರೆ ಎಂಬುದು ನನಗೆ ಗೊತ್ತು. ನೀನು ನಿಶ್ಚಿಂತೆಯಾಗಿ ಪಾಠ ಮಾಡಿಕೊಂಡಿರು. ಅಮೆರಿಕದವರಿಗೆ ಏನೂ ಬರೆಯಬೇಡ. ಸುಮ್ಮನಿರುವುದೇ ಉತ್ತರ.

ವಾಸಪ್ಪ


ಸಾಗರ
೧೨-೫-೧೯೬೪

ಅಪ್ಪಯ್ಯನವರಿಗೆ,

ಮನೆಗೆ ಕಳಿಸಿದ ಕಾಗದಕ್ಕೂ ಉತ್ತರವಿಲ್ಲವೆಂದು ಮಿಸ್ ಪ್ಲಮ್ಲಿ ಈ ಸಲ ಕಾಲೇಜಿನ ವಿಳಾಸಕ್ಕೆ ಬರೆದಿದ್ದಾರೆ. ಮೂರನೇ ಕಾಗದ. ನೀವು ಕಾಯುತ್ತಿದ್ದದ್ದು ಇದಕ್ಕೇ ಎಂದು ಮುಕುಂದ ಮಾವ ಹೇಳಿದರು. ಅದರಲ್ಲಿರುವ ಒಂದು ವಾಕ್ಯವನ್ನು ಕನ್ನಡಕ್ಕೆ ಇಳಿಸುತ್ತೇನೆ, ಮಿಲ್ಲಿನಲ್ಲಿ ಎಲ್ಲರಿಗೂ ಓದಿ ಹೇಳಿ: "ಎರಡು ಬಾರಿ ಕೇಳಿದರೂ ನೀವು ಮೌನವಾಗಿದ್ದುದರಿಂದ ನಮ್ಮ ಆಹ್ವಾನ ನಿಮಗೆ ಬೇಡವಾಗಿದೆಯೆಂದು ತಿಳಿದು ಆ ಸ್ಥಾನವನ್ನು ಇನ್ನೊಬ್ಬರಿಗೆ ಕೊಟ್ಟಿದ್ದೇವೆ."

ಸುಮ್ಮನಿದ್ದರೆ ಮರ್ಯಾದಸ್ಥರಿಗೆ ಅರ್ಥವಾಗುತ್ತದೆ ಎಂದು ನೀವು ಮಾವನಿಗೆ ಬರೆದಿದ್ದಿರಂತೆ. ಅರ್ಥವಾಗಿದೆ.

ಈ ಕಾಗದ ಹಿಡಿದುಕೊಂಡು ನಾನು ಮೊದಲು ಅಂಚೆಯವರನ್ನು ಬೈದೆ. ಲಕೋಟೆ ಕಳೆದುಹಾಕಿದ್ದಾರೆ ಎಂದು ಪೋಸ್ಟ್‌ಮಾಸ್ಟರರ ಮೇಜಿನ ಮುಂದೆ ನಿಂತು ಕೂಗಾಡಿದೆ. ಆಮೇಲೆ ಹೊಸನಗರದ ಬಸ್ಸು ಹತ್ತಿ ಮಾವನ ಮನೆಗೆ ಹೋದೆ. ನನ್ನ ಮುಖ ನೋಡುತ್ತಲೇ ಮಾವ ಅಳುವುದಕ್ಕೆ ಶುರುಮಾಡಿದರು. ಅವರು ಬಾಯಿ ಬಿಡದೆ ಎರಡು ತಿಂಗಳು ಕೂತಿದ್ದರು. ಯಾಕೆಂದರೆ ಭಾವ ಬೇಡ ಎಂದಿದ್ದರು. ಅವರ ಮೇಲೂ ನನಗೆ ಮರ್ಯಾದೆ ಉಳಿದಿಲ್ಲ. ಆದರೆ ಅವರು ಅವತ್ತೇ ತಮ್ಮ ನಾಲ್ಕೆಕರೆ ಗದ್ದೆಯ ಮೇಲೆ ಜಾಮೀನು ಬರೆದುಕೊಟ್ಟರು. ಅಮೆರಿಕದವರಿಗೆ ಬರುತ್ತೇನೆ ಎಂದು ತಂತಿ ಕೊಟ್ಟಿದ್ದೇನೆ.

ನೀವು ಎಲ್ಲರನ್ನೂ ಕಡೆಗಣಿಸಿ ನೋಡುವುದನ್ನು ಚಿಕ್ಕಂದಿನಿಂದ ನೋಡಿಕೊಂಡು ಬಂದಿದ್ದೇನೆ. ಚೆನ್ನಾಗಿರುತ್ತಿತ್ತು. ನಾನೂ ಕಲಿತೆ. ಅದರ ಹಿಂದೆ ಏನೋ ದೊಡ್ಡದು ಇದೆ ಎಂದುಕೊಂಡಿದ್ದೆ. ಇದ್ದದ್ದು ಮಂಜುನಾಥಪ್ಪನವರ ಮುಖ ಸಣ್ಣದಾಗುವುದನ್ನು ನೋಡುವ ಆಸೆ, ಅಷ್ಟೇ.

ತುಂಗಾ


ತೀರ್ಥಹಳ್ಳಿ
೨೦-೫-೧೯೬೪

ಮುಕುಂದನಿಗೆ,

ಇದರ ಕೆಳಗೆ ಬರೆದಿರುವುದನ್ನು ಇಂಗ್ಲಿಷಿಗೆ ಇಳಿಸಿ ಮಿಸ್ಸಿಗೆ ಕಳಿಸು. ನನ್ನ ಇಂಗ್ಲಿಷ್ ಓದುವುದಕ್ಕೆ ಸಾಕು, ಬೇಡಿಕೊಳ್ಳುವುದಕ್ಕೆ ಸಾಲದು. ನೀನು ಅಲಂಕಾರ ಸೇರಿಸಬೇಡ. ಹುಡುಗಿಗೆ ಹೇಳಬೇಡ ಎಂದು ಈ ಸಲವೂ ಕೇಳಿಕೊಳ್ಳುತ್ತೇನೆ.

ಮಿಸ್ ಪ್ಲಮ್ಲಿಯವರಿಗೆ ತೀರ್ಥಹಳ್ಳಿಯ ವಾಸಪ್ಪಗೌಡನ ನಮಸ್ಕಾರಗಳು. ನಾನು ತುಂಗಾಳ ತಂದೆ. ನಿಮ್ಮ ಕಾಗದಗಳಿಗೆ ಉತ್ತರ ಬಾರದೆ ಹೋದದ್ದು ಅವಳ ತಪ್ಪಲ್ಲ. ಅವಳು ಫೆಬ್ರವರಿಯಲ್ಲೇ ಒಪ್ಪಿಗೆ ಬರೆದುಕೊಟ್ಟಿದ್ದಳು. ಅದನ್ನು ನಾನು ನನ್ನ ಹತ್ತಿರ ಇಟ್ಟುಕೊಂಡೆ. ನಮ್ಮಲ್ಲಿ ಮೂರು ಸಲ ಕೇಳಿದ ಮೇಲೆ ಹೆಣ್ಣು ಕೊಡುವ ಪದ್ಧತಿ ಇದೆ. ವಿದ್ಯೆಯ ವಿಷಯದಲ್ಲೂ ಹಾಗೇ ನಡೆಯುತ್ತದೆ ಎಂದು ತಿಳಿದೆ. ಇದರಲ್ಲಿ ನಿಮ್ಮ ಬಗ್ಗೆ ಅಗೌರವವಿರಲಿಲ್ಲ ಎಂದು ಬರೆಯಬಹುದಿತ್ತು. ಇತ್ತು. ಸ್ವಲ್ಪ ಇತ್ತು.

ಮೇಡಂ, ತೀರ್ಥಹಳ್ಳಿ, ಹೊಸನಗರ, ಸಾಗರ ಮೂರು ತಾಲ್ಲೂಕಿನಲ್ಲಿ ಹುಡುಕಿದರೂ ಅವಳಂಥವರು ಸಿಗುವುದಿಲ್ಲ. ಗಂಡುಮಕ್ಕಳಲ್ಲೂ ಇಲ್ಲ. ಇದನ್ನು ನಾನು ಅವಳಿಗೆ ಯಾವತ್ತೂ ಹೇಳಿಲ್ಲ. ಅವಳಿಗೆ ಎಂಟು ವರ್ಷವಾಗಿದ್ದಾಗ ಕವಲೇದುರ್ಗದ ಕಡೆ ನನ್ನ ಜೊತೆ ಬಂದಿದ್ದಳು. ಹಳ್ಳ ದಾಟುವಾಗ ನಿಂತುಕೊಂಡು, "ಅಪ್ಪಯ್ಯ, ನೀರು ಹೋಗ್ತಾ ಇದೆ, ನೊರೆ ಯಾಕೆ ಕಲ್ಲಿನ ಹಿಂದೆ ಅಲ್ಲೇ ನಿಂತಿದೆ?" ಎಂದು ಕೇಳಿದಳು. "ಬಾಯಿ ಮುಚ್ಕಂಡು ನಡಿ" ಎಂದೆ. ನನಗೆ ಉತ್ತರ ಗೊತ್ತಿರಲಿಲ್ಲ. ಅವತ್ತಿನಿಂದ ಹಳ್ಳ ದಾಟುವಾಗೆಲ್ಲ, ಜೊತೆಯಲ್ಲಿ ಯಾರೂ ಇಲ್ಲದಿದ್ದರೆ, ನಾನೂ ನಿಂತು ನೋಡುತ್ತೇನೆ. ಇವತ್ತಿಗೂ ಗೊತ್ತಾಗಿಲ್ಲ.

ನಾನು ಸರ್ಕಾರದವರನ್ನಾಗಲಿ ಬಂಧುಗಳನ್ನಾಗಲಿ ಏನನ್ನೂ ಕೇಳಿದವನಲ್ಲ. ಈಗ ನಿಮ್ಮನ್ನು ಕೇಳುತ್ತಿದ್ದೇನೆ. ಆ ಸ್ಥಾನವನ್ನು ಅವಳಿಗೆ ವಾಪಸು ಕೊಡಿ. ಒಂದು ಸಲ ಕೇಳಿದ್ದು ಸಾಲದಿದ್ದರೆ ತಿಳಿಸಿ, ಇನ್ನೂ ಎರಡು ಸಲ ಬರೆಯುತ್ತೇನೆ.

ವಾಸಪ್ಪಗೌಡ


ಸಾಗರ
೨-೮-೧೯೬೪

ಅಪ್ಪಯ್ಯನವರಿಗೆ,

ಮೇ ತಿಂಗಳ ನಂತರ ನೀವು ಬರೆದ ಕಾಗದಗಳೆಲ್ಲ ಬಂದಿವೆ. ಉತ್ತರ ಬರೆಯುವ ಮನಸ್ಸಿರಲಿಲ್ಲ. ಈಗ ಬರೆಯುತ್ತಿರುವುದಕ್ಕೆ ಕಾರಣ ಬೇರೆ. ಮಿಸ್ ಪ್ಲಮ್ಲಿ ಒಂದು ಲಕೋಟೆ ಕಳಿಸಿದ್ದಾರೆ. ಅದರಲ್ಲಿ ನೀವು ಅವರಿಗೆ ಬರೆಸಿದ ಕಾಗದ ಇತ್ತು. "ಇದು ನನ್ನ ಬಳಿ ಇರುವುದಕ್ಕಿಂತ ನಿಮ್ಮ ಬಳಿ ಇರುವುದು ಸರಿ" ಎಂದು ಮೇಲೆ ಎರಡು ಸಾಲು ಬರೆದಿದ್ದಾರೆ. ಸ್ಥಾನ ವಾಪಸು ಕೊಡಲು ಆಗುವುದಿಲ್ಲ. ಅದು ಸಿಲೋನಿನ ಒಬ್ಬ ಹುಡುಗನಿಗೆ ಹೋಗಿದೆ, ಅವನು ಆಗಲೇ ಹಡಗಿಗೆ ಟಿಕೆಟ್ ತೆಗೆಸಿದ್ದಾನೆ. ಅವನನ್ನು ಇಳಿಸಿ ನನ್ನನ್ನು ಹತ್ತಿಸುವುದು ನ್ಯಾಯವಲ್ಲ ಎಂದಿದ್ದಾರೆ. ನ್ಯಾಯವಲ್ಲ, ನಿಜ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕು ಎಂದಿದ್ದಾರೆ. ಮುಂದಿನ ವರ್ಷ ನಾನು ಜೋಳದ ಹೊಲದಲ್ಲಿರುತ್ತೇನೆ. ಎರಡು ವರ್ಷ ಬಿಡುವುದಿಲ್ಲ ಎಂದು ಬರೆದುಕೊಟ್ಟಿದ್ದೇನೆ.

ನಿಮ್ಮ ಕಾಗದವನ್ನು ನಿಂತುಕೊಂಡೇ ಓದಿದೆ. ಕರಗಿಹೋಗುತ್ತೇನೆ ಎಂದು ನೀವು ತಿಳಿದಿದ್ದರೆ ಅದು ಆಗಲಿಲ್ಲ. ಮೊದಲು ಸಿಟ್ಟು ಬಂತು. ಇಪ್ಪತ್ನಾಲ್ಕು ವರ್ಷ ನನಗೆ ಹೇಳದೆ ಇಟ್ಟುಕೊಂಡಿದ್ದನ್ನು ನನ್ನ ಹೆಸರಿನ ಉಚ್ಚಾರವೂ ಬಾರದ ಒಬ್ಬ ಬಿಳಿ ಹೆಂಗಸಿಗೆ ಬರೆದಿರಿ, ಅದನ್ನೂ ಮಾವನ ಇಂಗ್ಲಿಷಿನಲ್ಲಿ. ನನ್ನ ಅಪ್ಪ ನನ್ನ ಬಗ್ಗೆ ಏನು ತಿಳಿದಿದ್ದಾರೆ ಎಂಬುದನ್ನು ನಾನು ಪರದೇಶದ ಸ್ಟಾಂಪು ಹಚ್ಚಿದ ಲಕೋಟೆಯಿಂದ ತಿಳಿಯಬೇಕಾಯಿತು.

ಆ ಹಳ್ಳದ ಪ್ರಶ್ನೆ ನನಗೆ ಮರೆತೇಹೋಗಿತ್ತು. ಕೇಳಿದ್ದೆ ಎಂಬುದೂ ನೆನಪಿಲ್ಲ. ನೀವು ಹದಿನಾರು ವರ್ಷ ನೆನಪಿಟ್ಟುಕೊಂಡಿರಿ, ಕದ್ದು ನಿಂತು ನೊರೆ ನೋಡಿದಿರಿ. ಆದರೆ ಅದನ್ನೇ ತಿಳಿಯಲು ಹೊರಟವಳ ಲಕೋಟೆಯನ್ನು ಡ್ರಾಯರಿನಲ್ಲಿಟ್ಟಿರಿ. ಕಲ್ಲಿನ ಹಿಂದೆ ನೀರು ಮುಂದೆ ಹೋಗದೆ ಸುತ್ತುತ್ತದೆ, ಅದಕ್ಕೆ ನೊರೆ ನಿಲ್ಲುತ್ತದೆ. ಅಷ್ಟೇ. ಎಂ.ಎಸ್ಸಿ. ಮುಗಿಸಿ ಬಂದಾಗ ಒಂದು ಸಲ ಕೇಳಿದ್ದರೆ ಹೇಳುತ್ತಿದ್ದೆ.

ಸ್ಲೈಡುಗಳನ್ನೆಲ್ಲ ಹತ್ತಿಯಲ್ಲಿ ಸುತ್ತಿ ಮಿಸ್ ಪ್ಲಮ್ಲಿಗೆ ಕಳಿಸಿಬಿಟ್ಟೆ. ನನ್ನ ಬಳಿ ಇದ್ದರೆ ಹಾಳಾಗುತ್ತವೆ. ಆ ಹುಡುಗ ಅವುಗಳ ಮೇಲೆ ಕೆಲಸ ಮಾಡಲಿ. ಯಾವ ಪುಸ್ತಕದಲ್ಲೂ ಇಲ್ಲದ ಆ ಒಂದಕ್ಕೆ ಅವನು ಹೆಸರಿಡುತ್ತಾನೆ, ಹೆಸರಿನ ಪಕ್ಕದಲ್ಲಿ ಅವನ ಹೆಸರು ಇರುತ್ತದೆ. ಹಳ್ಳ ಈ ಮಳೆಗಾಲದಲ್ಲಿ ಮುಳುಗಿತು. ಪಾರ್ಸೆಲ್ ಕಟ್ಟುವಾಗ ಎರಡು ಸ್ಲೈಡು ಒಡೆದೆ.

ಇಪ್ಪತ್ತನೇ ತಾರೀಕು ಸಾಗರದಿಂದ ರೈಲಿನಲ್ಲಿ ಬೊಂಬಾಯಿಗೆ, ಬೊಂಬಾಯಿಯಿಂದ ವಿಮಾನ. ಅಮ್ಮನನ್ನು ಮುಕುಂದ ಮಾವ ಕರೆದುಕೊಂಡು ಬರುತ್ತಾರೆ. ಕಾಲೇಜಿನವರೂ ಬರುತ್ತಾರಂತೆ, ಪ್ರಿನ್ಸಿಪಾಲರು ಹಾರ ಹಾಕುತ್ತಾರಂತೆ. ಕೊನೆಗೂ ನನಗೆ ಬುದ್ಧಿ ಬಂತು ಎಂದು ಅವರು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ.

ನೀವು ಬರಬೇಡಿ. ನೀವು ಬಂದರೆ ನಾನು ಅಳುತ್ತೇನೆ. ನಾನು ಅಳುವುದು ಇಂಗ್ಲೆಂಡಿಗಾಗಿ, ಕಳಿಸಿಬಿಟ್ಟ ಸ್ಲೈಡುಗಳಿಗಾಗಿ. ಆದರೆ ಪ್ಲಾಟ್‌ಫಾರಂ ಮೇಲೆ ನಿಂತವರೆಲ್ಲ ಅಪ್ಪನನ್ನು ಬಿಟ್ಟು ಹೋಗಲಾರದೆ ಅಳುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಆ ಗೌರವ ನಿಮಗೆ ಸಿಗುವುದು ನನಗೆ ಇಷ್ಟವಿಲ್ಲ.

ತುಂಗಾ